ನಿನ್ನ ಹದಿನೈದು, ನನ್ನ ಇಪ್ಪತ್ತನಾಲ್ಕು

ಜನವರಿ 8

ತಮ್ಮಾ,

ಫೋನಿನಲ್ಲಿ ಮಾತಿಗೆ ಕೂತರೆ ಎರಡನೇ ನಿಮಿಷಕ್ಕೇ ನಮ್ಮಿಬ್ಬರ ಜಗಳ ಶುರು. ಮೊನ್ನೆ ಫೋನ್ ಕುಕ್ಕಿದ್ದು ನಾನೇ, ಇಲ್ಲ ಅನ್ನುವುದಿಲ್ಲ. ನಿನ್ನ ಅತ್ತಿಗೆ ಅದನ್ನು ನೋಡಿ, "ಇನ್ಮೇಲೆ ಅಣ್ಣ ತಮ್ಮ ಇಬ್ರೂ ಕಾಗದ ಬರ್ಕೊಳ್ಳಿ, ಅದು ಹೋಗಿ ಮುಟ್ಟೋ ಹೊತ್ತಿಗಾದ್ರೂ ಸಿಟ್ಟು ಆರಿರತ್ತೆ" ಅಂದಳು. ಆರಿಲ್ಲ, ಆದರೂ ಬರೆಯುತ್ತಿದ್ದೇನೆ.

ವಿಷಯ ನಿನಗೆ ಗೊತ್ತಿರುವುದೇ. ಅಪ್ಪ ನಮಗೆ ಬಿಟ್ಟುಹೋದ ಆಸ್ತಿ ಎಂದರೆ ಈ ಗ್ಲಾಕೋಮಾ ಒಂದೇ. ನೋವಿಲ್ಲ, ಉರಿಯಿಲ್ಲ, ಕಣ್ಣಿನೊಳಗೆ ಒತ್ತಡ ಏರಿ ಹಿಂದಿನ ನರವನ್ನು ಸದ್ದಿಲ್ಲದೆ ತಿಂದುಬಿಡುತ್ತದೆ. ಅದನ್ನಾದರೂ ಇಬ್ಬರಿಗೂ ಸಮನಾಗಿ ಹಂಚಿದ್ದಾನೆ ಅಂದುಕೊಂಡಿದ್ದೆ. ಅದರಲ್ಲೂ ಒಳ್ಳೆಯ ಪಾಲು ನಿನಗೇ ಬಂದಿದೆ. ಅದೇ ರೋಗ, ಅದೇ ಡ್ರಾಪ್ಸ್, ನನ್ನ ಒತ್ತಡ ಇಪ್ಪತ್ತನಾಲ್ಕು, ನಿನ್ನದು ಹದಿನೇಳು. ಹದಿನೇಳು ಅಂತ ಹೇಳಿ ನಕ್ಕೆಯಲ್ಲ, ಆ ನಗು ಕೇಳಿಯೇ ನಾನು ಫೋನ್ ಕುಕ್ಕಿದ್ದು.

ನಾನು ಕತ್ತರಿ ಹಿಡಿದು ಬದುಕುವವನು. ಕಪ್ಪು ಸೂಟಿನ ಬಟ್ಟೆಯ ಮೇಲೆ ಎಳೆದ ಚಾಕಿನ ಗೆರೆ ಕಾಣದಿದ್ದರೆ ಅಂಗಡಿಯವರು ನಾಳೆಯೇ ಬೇರೆ ಕಟಿಂಗ್ ಮಾಸ್ಟರನ್ನು ತಂದು ನಿಲ್ಲಿಸುತ್ತಾರೆ. ನಿನ್ನದು ಬಸ್ಸು. ರಸ್ತೆಯಷ್ಟು ಅಗಲದ್ದು ಕಂಡರೆ ನಿನ್ನ ಕೆಲಸ ನಡೆಯುತ್ತದೆ, ನನಗೆ ದಾರದಷ್ಟು ಸಣ್ಣದ್ದು ಕಾಣಬೇಕು. ಆದರೂ ಕಡಿಮೆ ಸಂಖ್ಯೆ ನಿನಗೆ.

ಮೊದಲಿಂದಲೂ ಹೀಗೇ. ಅಪ್ಪನ ಕಣ್ಣು ಹೋದ ಮೇಲೆ ಸಂಜೆ ತಿರುಗಾಟಕ್ಕೆ ಅವನ ಕೈ ಕೂತದ್ದು ನಿನ್ನ ಎಡ ಹೆಗಲ ಮೇಲೆ. "ನನ್ನ ಕೋಲು" ಅಂತ ನಿನ್ನನ್ನು ಕರೆಯುತ್ತಿದ್ದ. ನಾನು ಹೆಗಲು ಕೊಟ್ಟದ್ದು ಒಂದೇ ದಿನ, ನನ್ನದು ಓಟದಂಥ ನಡಿಗೆ. "ಇವನ ಜೊತೆ ಹೋದ್ರೆ ನಾನು ಗಾಳಿಪಟ ಆಗ್ತೀನಿ" ಅಂದು ಬೀದಿಯ ತಿರುವಿನಲ್ಲೇ ಕೈ ತೆಗೆದುಬಿಟ್ಟ. ನಿನ್ನ ಮದುವೆ ಕೋಟಿಗೆ ಅಳತೆ ತೆಗೆದಾಗ ನಿನ್ನ ಎಡ ಹೆಗಲು ಅರ್ಧ ಬೆರಳು ಇಳಿದಿತ್ತು. ಅಪ್ಪನ ಕೈ ಮಾಡಿದ ಕೆಲಸ ಅದು. ಇಳಿದ ಕಡೆ ದಪ್ಪ ಪ್ಯಾಡ್ ಇಟ್ಟು ಹೊಲಿದು ಸರಿಮಾಡಿದವನು ನಾನು. ಆವತ್ತು ಹೊಲಿಯುವಾಗ ಎಷ್ಟು ಉರಿದುಕೊಂಡೆ ಅಂತ ನಿನಗೇನು ಗೊತ್ತು?

ಇರಲಿ. ನೀನು ಏನು ತಿನ್ನುತ್ತೀ, ಏನು ನುಂಗುತ್ತೀ, ಎಲ್ಲ ಬರೆ. ಒಂದನ್ನೂ ಮುಚ್ಚಿಡಬೇಡ.

ಹೊಟ್ಟೆ ಉರಿಸಿಕೊಂಡಿರುವ ನಿನ್ನ ಅಣ್ಣ


ಜನವರಿ 19

ಅಣ್ಣಾ,

ನೀನಾಗಿ ಕೇಳಿದೆಯಲ್ಲ, ಅದೇ ಸಂತೋಷ. ಹುಟ್ಟಿದಾಗಿನಿಂದ ನೀನು ನನ್ನನ್ನು ಒಂದು ಮಾತು ಕೇಳಿ ತಿಳಿದುಕೊಂಡದ್ದು ಇದೇ ಮೊದಲು. ನಿನ್ನ ಕಾಗದವನ್ನು ಮಡಿಚಿ ಇಟ್ಟುಕೊಂಡಿದ್ದೇನೆ.

ಇದೆಲ್ಲ ಇವಳ ಪ್ರತಾಪ. ಡಿಪೋ ಹಿಂದಿನ ಬೀದಿಯಲ್ಲಿ ಒಬ್ಬರು ಆಹಾರದ ಬಗ್ಗೆ ಹೇಳಿಕೊಡುತ್ತಾರೆ, ಅವರಿಂದ ಕಲಿತು ಬಂದಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಅಗಸೆ ಬೀಜದ ಪುಡಿ, ಬಿಸಿನೀರಿಗೆ ಹಾಕಿ. ತಟ್ಟೆಯಲ್ಲಿ ಅರ್ಧ ಸೊಪ್ಪೇ ಇರಬೇಕು, ಕಡು ಹಸಿರಿನದು. ಕ್ಯಾರೆಟ್, ಕಿತ್ತಳೆ, ಒಂದು ಹಿಡಿ ಅಕ್ರೋಟು, ಆಗೀಗ ಮೀನು. ಉಪ್ಪು ಕಮ್ಮಿ, ಕಾಫಿ ಅರ್ಧ ಲೋಟ. ನೀರನ್ನು ಗಟಗಟ ಕುಡಿಯುವ ಹಾಗಿಲ್ಲ, ಗುಟುಕು ಗುಟುಕಾಗಿ ಕುಡಿಯಬೇಕು, ಒಮ್ಮೆಲೇ ಕುಡಿದರೆ ಕಣ್ಣಿನ ಒತ್ತಡ ಏರುತ್ತದಂತೆ. ಆಮೇಲೆ ಮೂರು ಕ್ಯಾಪ್ಸೂಲ್: ಮೀನೆಣ್ಣೆಯದು, ಯಾವುದೋ ಕಪ್ಪು ಹಣ್ಣಿನದು, ಮಲಗುವಾಗ ಮೆಗ್ನೀಸಿಯಮ್ಮಿನದು. ಡ್ರಾಪ್ಸ್ ಅಂತೂ ಇದ್ದೇ ಇದೆ.

ಪರೀಕ್ಷೆಗೆ ದೊಡ್ಡ ಡಾಕ್ಟರ ಬಾಗಿಲಲ್ಲಿ ಅರ್ಧ ದಿನ ಕೂರುವ ಗೋಳು ನನಗಿಲ್ಲ. ಡಿಪೋ ಎದುರಿನ ಕನ್ನಡಕದ ಅಂಗಡಿಯಲ್ಲಿ ಕಣ್ಣಿಗೆ ಫುಸ್ ಅಂತ ಗಾಳಿ ಊದಿ ಅಲ್ಲೇ ಸಂಖ್ಯೆ ಹೇಳುತ್ತಾರೆ.

ಇಲ್ಲಿ ಎಲ್ಲ ಕ್ಷೇಮ. ಡಿಪೋ ಗೇಟಿನ ಎಡಕ್ಕೆ ಯಾರೋ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಮೊನ್ನೆ ಬಸ್ಸಿನ ಕನ್ನಡಿ ಅದಕ್ಕೆ ತಗುಲಿ ಒಡೆಯಿತು. ಡಿಪೋ ಸಾಹೇಬರು, ಕಂಬ ಮೊದಲಿಂದಲೂ ಅಲ್ಲೇ ಇದೆ ಅಂತ ನನ್ನ ಮುಖದ ಮೇಲೇ ಸುಳ್ಳು ಹೇಳಿದರು. ಅತ್ತಿಗೆಗೆ ನಮಸ್ಕಾರ ತಿಳಿಸು.

ಹದಿನೇಳರ ತಮ್ಮ


ಫೆಬ್ರವರಿ 14

ತಮ್ಮಾ,

ಎಲ್ಲ ಮಾಡಿ ನೋಡಿದೆ. ಅಗಸೆ ಪುಡಿ ತಿಂದು ಹೊಟ್ಟೆ ಉಬ್ಬಿತು. ಸೊಪ್ಪು ತಿಂದು ತಿಂದು, "ಇನ್ನೇನು ನಿಮಗೆ ಕೊಂಬು ಮೂಡೋದೊಂದು ಬಾಕಿ" ಅಂದಳು ನಿನ್ನ ಅತ್ತಿಗೆ. ಕಾಫಿ ಬಿಟ್ಟ ವಾರ ನಾನು ಯಾರ ಮೇಲೆ ಹರಿಹಾಯಲಿಲ್ಲ ಕೇಳು. ಅಂಗಡಿಯ ಮಾಲೀಕರೇ ಒಂದು ಲೋಟ ತರಿಸಿ ನನ್ನ ಮುಂದೆ ಇಟ್ಟು, "ಕುಡಿದು ಪುಣ್ಯ ಕಟ್ಕೊಳ್ಳಿ ಮಾಸ್ಟ್ರೇ" ಅಂದರು. ಕುಡಿದೆ.

ನಿನ್ನೆ ಅಳೆಸಿದೆ. ಇಪ್ಪತ್ತನಾಲ್ಕು. ಕೂದಲೆಳೆಯಷ್ಟೂ ಜಗ್ಗಿಲ್ಲ.

ನಮ್ಮ ಡಾಕ್ಟರಮ್ಮ ನನ್ನ ಸೊಪ್ಪಿನ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಸೊಪ್ಪು, ಹಣ್ಣು, ಮೀನು ತಿನ್ನಿ, ಮೈಗೆಲ್ಲ ಒಳ್ಳೆಯದು, ಆದರೆ ಅದರಿಂದ ಒತ್ತಡ ಇಳಿಯುತ್ತದೆ ಅಂತ ಕಾಯುತ್ತ ಕೂರಬೇಡಿ, ಡ್ರಾಪ್ಸಿನ ಕೆಲಸವನ್ನು ತಟ್ಟೆ ಮಾಡುವುದಿಲ್ಲ ಅಂದರು. ಕ್ಯಾಪ್ಸೂಲುಗಳ ಡಬ್ಬಿ ತರಿಸಿ ನೋಡಿದರು. ಔಷಧಿ ಅಂಗಡಿಯವನು ಅದರ ಜೊತೆ ಯಾವುದೋ ಮರದ ಎಲೆಯ ಕ್ಯಾಪ್ಸೂಲನ್ನೂ ಕಟ್ಟಿಕೊಟ್ಟಿದ್ದ. ನಾನು ಎದೆಗೆ ತೆಗೆದುಕೊಳ್ಳುವ ರಕ್ತ ತೆಳುವಾಗುವ ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲವಂತೆ, ಅದನ್ನು ತೆಗೆದಿಟ್ಟುಬಿಟ್ಟರು.

ನಿನ್ನ ಅತ್ತಿಗೆಯ ಕುಚೇಷ್ಟೆ ಕೇಳು. ಡಾಕ್ಟರಮ್ಮನ ಎದುರಿಗೇ, "ಇವರ ತಮ್ಮನ ಕಾಗದ ಓದೋಕೆ ಮುಂಚೆ ಒಂದು ಸಲ, ಓದಿದ ಮೇಲೆ ಒಂದು ಸಲ ಅಳೀರಿ, ಒತ್ತಡ ಎಲ್ಲಿಂದ ಬರ್ತಿದೆ ಗೊತ್ತಾಗತ್ತೆ" ಅಂದಳು. ಇಬ್ಬರೂ ಸೇರಿ ನಕ್ಕರು.

ನನಗೆ ನಗು ಬರಲಿಲ್ಲ. ನಿನಗೆ ಪುಡಿ ಮಾಡಿ ಕೊಡುವವಳಿದ್ದಾಳೆ, ಮಲಗುವಾಗ ಮಾತ್ರೆ ಕೈಯಲ್ಲಿಡುವವಳಿದ್ದಾಳೆ. ಇಲ್ಲಿ ಡ್ರಾಪ್ಸ್ ಹಾಕುವಾಗಲೂ, "ಕಣ್ಣು ಬಿಡ್ರೀ, ಸಿಟ್ಟಿಗೆ ಔಷಧಿಯೇನೂ ಹಾಕ್ತಿಲ್ಲ" ಅಂತ ಗದರಿಸಿಕೊಳ್ಳುವುದೇ ನನ್ನ ಹಣೆಬರಹ.

ಅಣ್ಣ


ಮಾರ್ಚ್ 3

ಅಣ್ಣಾ,

ಕೂತು ಓದು. ಹದಿನೈದು.

ಕನ್ನಡಕದ ಅಂಗಡಿಯವನೇ ಎರಡು ಸಲ ಗಾಳಿ ಊದಿ ನೋಡಿದ. ಬಸ್ಸು ಓಡಿಸುವವರಲ್ಲಿ ಇಂಥ ಕಣ್ಣು ಅಪರೂಪ ಅಂದ. ಡಿಪೋದಲ್ಲಿ ಎಲ್ಲರಿಗೂ ಕಿತ್ತಳೆ ಹಂಚಿದೆ.

ನಿನಗೆ ಯಾಕೆ ಇಳಿಯುತ್ತಿಲ್ಲ ಅಂತ ನಾನೂ ಇವಳೂ ಯೋಚಿಸಿದೆವು. ಊಟ ಬದಲಾದರೆ ಏನು ಬಂತು, ಒಳಗೆ ಉರಿ ಇಟ್ಟುಕೊಂಡು ಸೊಪ್ಪು ತಿಂದರೆ ಅದೂ ಒಳಗೇ ಬಾಡಿಹೋಗುತ್ತದೆ. ಬೇಜಾರು ಮಾಡಿಕೊಳ್ಳಬೇಡ, ತಮ್ಮನಾಗಿ ಹೇಳಿದೆ.

ಈಚೆಗೆ ನನಗೂ ಮೂಗಿನ ತುದಿಯಲ್ಲಿ ಕೋಪ ಬರುತ್ತಿದೆ. ಇವಳು ಕ್ಯಾರೆಟ್ ರಸದ ಲೋಟವನ್ನು ಹೋಗಿ ಹೋಗಿ ನನ್ನ ಎಡಗೈ ಹತ್ತಿರವೇ ಇಡುತ್ತಾಳೆ, ದಿನ ಬಿಟ್ಟು ದಿನ ಉರುಳುತ್ತದೆ. ಹೇಳಿದರೆ ನನಗೇ ಗದರಿಸುತ್ತಾಳೆ. ಸೈಕಲ್ಲಿನವರಂತೂ ಎಡಗಡೆಯಿಂದ ಆಕಾಶದಿಂದ ಬಿದ್ದ ಹಾಗೆ ಬರುತ್ತಾರೆ. ಪಕ್ಕದಲ್ಲೇ ನಿಂತು ನಮಸ್ಕಾರ ಮಾಡಿದರೂ ತಿರುಗಿ ನೋಡಲಿಲ್ಲ ಅಂತ ನಮ್ಮ ಕಂಡಕ್ಟರ್ ಮಾತು ಬಿಟ್ಟಿದ್ದಾನೆ. ಹದಿನೈದು ಬಂದ ಮೇಲೆ ನನಗೆ ಜಂಭ ಬಂದಿದೆಯಂತೆ.

ಬಂದಿದ್ದರೂ ತಪ್ಪೇನು?

ತಮ್ಮ


ಮಾರ್ಚ್ 12

ಹದಿನೈದಕ್ಕೆ ಅಭಿನಂದನೆ. ಕಿತ್ತಳೆ ನನಗೂ ಒಂದು ಕಳಿಸಬಹುದಿತ್ತು.

ಅಣ್ಣ


ಏಪ್ರಿಲ್ 11

ತಮ್ಮಾ,

ಈಗ ನೀನು ಕೂತು ಓದು.

ಇಂದು ಡಾಕ್ಟರಮ್ಮನ ಹತ್ತಿರ ನಿನ್ನ ಹದಿನೈದರ ಕಥೆ ಹೇಳಿ ಅತ್ತುಕೊಂಡೆ. ನನಗೆ ಯಾಕೆ ಇಳಿಯುತ್ತಿಲ್ಲ ಅಂತ ಕೇಳಿಯೇಬಿಟ್ಟೆ. ಅವರು ಒಂದು ಸಣ್ಣ ಯಂತ್ರ ತಂದು, ಕಣ್ಣಿನ ಮುಂದಿರುವ ಗಾಜಿನಂಥ ಪದರ ಎಷ್ಟು ದಪ್ಪ ಅಂತ ನೋಡಿದರು. ನನ್ನದು ದಪ್ಪವಂತೆ. ದಪ್ಪ ಇದ್ದವರಿಗೆ ಒತ್ತಡ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಉಣ್ಣೆ ಕೋಟಿನ ಮೇಲೆ ಟೇಪು ಸುತ್ತಿ ಎದೆಯ ಅಳತೆ ಬರೆದುಕೊಂಡ ಹಾಗೆ. ಒಳಗಿನ ನರವನ್ನೂ ನೋಡಿದರು. ಹೊಸ ಬಟ್ಟೆಯ ಹಾಗಿದೆ, ಎಲ್ಲೂ ಸವೆದಿಲ್ಲ.

ಇನ್ನೊಂದು ಮಾತು ಕೇಳಿ ನನಗೆ ಕುಣಿಯುವ ಹಾಗಾಯಿತು. ಪದರ ತೆಳ್ಳಗಿದ್ದವರಿಗೆ ಇದು ಉಲ್ಟಾ. ಸಂಖ್ಯೆ ಕಡಿಮೆ ತೋರಿಸುತ್ತದೆ, ಒಳಗೆ ಒತ್ತಡ ಜಾಸ್ತಿಯೇ ಇರುತ್ತದೆ. ನಿಮ್ಮ ತಮ್ಮನಿಗೂ ದಪ್ಪ ನೋಡಿಸಲು ಹೇಳಿ, ಗಾಳಿ ಊದಿಸಿಕೊಂಡರೆ ಸಾಲದು, ನರ ನೋಡಿಸಬೇಕು, ಪಕ್ಕದ ನೋಟ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು ಅಂದರು.

ಅಂದರೆ ಏನಾಯಿತು? ನಿನ್ನ ಹದಿನೈದು ಬರೀ ಬುರುಡೆ. ನಿನ್ನ ಸೊಪ್ಪು ಬುರುಡೆ, ನಿನ್ನ ಕಪ್ಪು ಹಣ್ಣು ಬುರುಡೆ, ಡಿಪೋದಲ್ಲಿ ಹಂಚಿದ ಕಿತ್ತಳೆಯೂ ಬುರುಡೆ. ನಾಲ್ಕು ತಿಂಗಳಿಂದ ನನ್ನ ತಲೆ ತಿಂದೆಯಲ್ಲ, ಹೋಗಿ ನೋಡಿಸು, ನಿನ್ನ ಕಣ್ಣಿನ ತೊಗಲು ಎಷ್ಟು ತೆಳ್ಳಗಿದೆ ಅಂತ ಗೊತ್ತಾಗಲಿ. ಆಮೇಲೆ ನನಗೆ ಉಪದೇಶ ಮಾಡು.

ನಿನ್ನ ಅತ್ತಿಗೆ ಈ ಕಾಗದ ಓದಿ, "ಇದನ್ನ ಹೀಗೆ ಬರೀಬಾರ್ದು, ಬೇರೆ ಬರೀರಿ" ಅಂದಳು. ಯಾಕೆ ಬರೆಯಬಾರದು?

ಇವತ್ತು ಹೊಟ್ಟೆ ತುಂಬ ಉಂಡ ನಿನ್ನ ಅಣ್ಣ


ಏಪ್ರಿಲ್ 20

ಅಣ್ಣಾ,

ನಿನ್ನ ಕಾಗದವನ್ನು ಇವಳಿಗೆ ಜೋರಾಗಿ ಓದಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀನು ದಪ್ಪ ಚರ್ಮದವನು ಅಂತ ನನಗೆ ಚಿಕ್ಕಂದಿನಿಂದಲೂ ಗೊತ್ತು, ಅದನ್ನು ಕಂಡುಹಿಡಿಯಲು ಯಂತ್ರ ಬೇಕಾಯಿತೇ?

ಸಂಖ್ಯೆ ಇಳಿಸಲು ಆಗಲಿಲ್ಲ ಅಂತ ಅಳತೆಯೇ ತಪ್ಪು ಅನ್ನುವುದು ನಿನ್ನ ಹಳೇ ಆಟ. ಸೋತಾಗಲೆಲ್ಲ ನೀನು ಚೆಂಡಿನ ತಪ್ಪು ಹುಡುಕುತ್ತಿದ್ದವನು. ನಾನು ಎಲ್ಲಿಗೂ ಹೋಗುವುದಿಲ್ಲ, ಏನೂ ನೋಡಿಸುವುದಿಲ್ಲ. ನನ್ನ ಕಣ್ಣು ನನಗೆ ಚೆನ್ನಾಗಿದೆ, ನಿನ್ನ ಕಣ್ಣು ತಾಗದಿದ್ದರೆ ಸರಿ.

ತಮ್ಮ


ಜೂನ್ 2

ತಮ್ಮಾ,

ಏಪ್ರಿಲ್ ಆದ ಮೇಲೆ ನಿನ್ನಿಂದ ಕಾಗದವಿಲ್ಲ. ಮುಖ ಊದಿಸಿಕೊಂಡಿದ್ದೀಯ, ಇಲ್ಲ ಹನ್ನೆರಡಕ್ಕೆ ಇಳಿದು ಬರೆಯಲು ಪುರಸೊತ್ತಿಲ್ಲವೇ? ಎರಡರಲ್ಲಿ ಯಾವುದಾದರೂ ಬರೆ. ಹನ್ನೆರಡಾದರೆ ಸ್ವಲ್ಪ ಮೆಲ್ಲಗೆ ಬರೆ.

ಅಣ್ಣ


ಜುಲೈ 9

ತಮ್ಮಾ,

ಫೋನ್ ಮಾಡಿದೆ, ನಿನ್ನವಳು ಎತ್ತಿದಳು. ನೀನು ಮಲಗಿದ್ದೀಯ ಅಂದಳು. ಮಧ್ಯಾಹ್ನ ಮಲಗುವವನಲ್ಲ ನೀನು. ಧ್ವನಿ ಬೇರೆ ಥರ ಇತ್ತು, ಕೇಳಿದ್ದಕ್ಕೆ ಏನಿಲ್ಲ ಅಂದಳು.

ಅಂಗಡಿಯಲ್ಲಿ ಕೂತರೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ಜಗಳಕ್ಕಾದರೂ ಸರಿ, ನಾಲ್ಕು ಸಾಲು ಬರೆ.

ಅಣ್ಣ


ಆಗಸ್ಟ್ 21

ಅಣ್ಣಾ,

ಇಷ್ಟು ದಿನ ಬರೆಯದಿದ್ದದ್ದು ಕೋಪಕ್ಕಲ್ಲ. ಏನಂತ ಬರೆಯುವುದೋ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಒಬ್ಬ ಸೈಕಲ್ ಹುಡುಗಿ ಬಸ್ಸಿನ ಎಡಕ್ಕೆ ಸಿಕ್ಕಿದಳು. ಏನೂ ಆಗಲಿಲ್ಲ, ಮೊಣಕೈ ತರಚಿತು ಅಷ್ಟೇ. ಕಂಡಕ್ಟರ್ ಕಿರುಚದಿದ್ದರೆ ಆಗುತ್ತಿತ್ತು. ನಾನು ಅವಳನ್ನು ನೋಡಲೇ ಇಲ್ಲ ಅಣ್ಣ. ಕಿಟಕಿಯ ಪಕ್ಕದಲ್ಲೇ ಇದ್ದಳಂತೆ. ಡಿಪೋದವರು ಪರೀಕ್ಷೆಗೆ ಕಳಿಸಿದರು.

ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಎಲ್ಲಿ ಚುಕ್ಕೆ ಬೆಳಕು ಕಂಡರೂ ಗುಂಡಿ ಒತ್ತು ಅಂದರು. ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಮೊದಲು ನಾಲ್ಕಾರು ಕಂಡವು, ಆಮೇಲೆ ಬಹಳ ಹೊತ್ತು ಬೆಳಕು ಬರಲೇ ಇಲ್ಲ. ಕೊನೆಗೆ, "ಸಿಸ್ಟರ್, ನಿಮ್ಮ ಮಷೀನು ಕೆಟ್ಟಿದೆ" ಅಂದೆ. ಆಕೆ, "ಅದು ಆಗ್ಲಿಂದ ಬೆಳಕು ತೋರಿಸ್ತಾನೇ ಇದೆ ಸರ್" ಅಂದಳು.

ಎಡಗಡೆಯದು ಎರಡೂ ಕಣ್ಣಲ್ಲಿ ಬಹಳಷ್ಟು ಹೋಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಅಂದರು. ಪದರದ ದಪ್ಪವನ್ನೂ ನೋಡಿದರು. ನೀನು ಬರೆದ ಹಾಗೆಯೇ, ತೆಳ್ಳಗಿದೆ. ನೀನು ಬರೆದದ್ದು ಅಕ್ಷರಕ್ಕೆ ಅಕ್ಷರ ನಿಜ. ನಿನ್ನ ಹೊಟ್ಟೆಕಿಚ್ಚಿನ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಹೇಳಬೇಕು. ನಾನು ಡ್ರಾಪ್ಸ್ ಸರಿಯಾಗಿ ಹಾಕುತ್ತಿರಲಿಲ್ಲ. ಹಾಕಿದರೆ ಕಣ್ಣು ಕೆಂಪಗಾಗುತ್ತದೆ, ಬಸ್ಸು ಹತ್ತಿದವರು ಕುಡಿದು ಬಂದಿದ್ದಾನೆ ಅನ್ನುತ್ತಾರೆ. ಒಂದು ಸಲ ಸಾಹೇಬರು ಎಲ್ಲರೆದುರು ನನ್ನ ಬಾಯಿ ಮೂಸಿದರು. ಸೊಪ್ಪು ಇದೆಯಲ್ಲ, ಕ್ಯಾಪ್ಸೂಲ್ ಇದೆಯಲ್ಲ ಅಂತ ಬಿಟ್ಟೆ. ಅಳೆಸಲು ಹೋಗುವ ಮುಂಚಿನ ವಾರ ಮಾತ್ರ ತಪ್ಪದೆ ಹಾಕುತ್ತಿದ್ದೆ. ಯಾಕೆ ಗೊತ್ತಾ? ನಿನಗೆ ಬರೆಯಲು ಒಂದು ಒಳ್ಳೆಯ ಸಂಖ್ಯೆ ಬೇಕಾಗಿತ್ತು. ನಿನ್ನನ್ನು ಸೋಲಿಸುವುದಕ್ಕೆ ನನಗೆ ಸಿಕ್ಕ ಆಟ ಇದೊಂದೇ.

ಈಗ ಬಸ್ಸಿಲ್ಲ. ಕಿಟಕಿ ಹಿಂದೆ ಕೂರಿಸಿ ಪಾಸು ಕೊಡುವ ಕೆಲಸಕ್ಕೆ ಹಾಕಿದ್ದಾರೆ. ಎದುರಿಗೆ ನಿಂತವರು ಕಾಣುತ್ತಾರೆ, ಓದಲು ಬರೆಯಲು ತೊಂದರೆಯಿಲ್ಲ. ಸಂಜೆ ಮನೆಗೆ ನಡೆಯುವುದೇ ಕಷ್ಟ, ಎಡಕ್ಕೆ ಬರುವ ಪ್ರತಿಯೊಬ್ಬರಿಗೂ ಡಿಕ್ಕಿ ಹೊಡೆಯುತ್ತೇನೆ. ಇವಳು ಜೊತೆಗೆ ಬರುತ್ತೇನೆ ಅಂದರೆ ರೇಗುತ್ತೇನೆ.

ನಿನ್ನ ಇಪ್ಪತ್ತನಾಲ್ಕು ನನಗೆ ಬೇಕು ಅಣ್ಣ. ನಿನ್ನ ನರ ಹೊಸ ಬಟ್ಟೆಯ ಹಾಗಿದೆ ಅಂತ ಬರೆದಿದ್ದೆಯಲ್ಲ, ಆ ಸಾಲು ನೆನಪಾದರೆ ಮೈಯೆಲ್ಲ ಉರಿಯುತ್ತದೆ. ನಿನಗೆ ಕೆಟ್ಟದಾಗಲಿ ಅಂತಲ್ಲ. ನನಗೆ ಯಾಕೆ ಇಲ್ಲ ಅಂತ.

ಅಪ್ಪನ ಕೈಗಾಗಿ ನೀನು ಇಷ್ಟು ವರ್ಷ ಉರಿದದ್ದು ದಂಡ. ನಾನು ಗಿಡ್ಡ ಇದ್ದೆ, ಕೈ ಸರಿಯಾಗಿ ಕೂರುತ್ತಿತ್ತು, ಅಷ್ಟೇ. ಪ್ರತಿ ಸಂಜೆ ಮೈದಾನದ ಹತ್ತಿರ ಬಂದ ಕೂಡಲೇ ಅಪ್ಪ ನಿಂತುಬಿಡುತ್ತಿದ್ದ. "ನಿಮ್ಮಣ್ಣ ಓಡ್ತಿದಾನಾ? ಹೆಂಗೆ ಓಡ್ತಿದಾನೆ, ಹೇಳು" ಅನ್ನುತ್ತಿದ್ದ. ನೀನು ಎಲ್ಲಿಂದ ಎಲ್ಲಿಗೆ ಓಡಿದೆ, ಯಾರನ್ನು ದಾಟಿದೆ, ಎಲ್ಲ ನಾನು ಹೇಳಬೇಕಿತ್ತು. ಮುಖ ಅರಳಿಸಿಕೊಂಡು ಕೇಳುತ್ತಿದ್ದ. ನನ್ನ ಬಗ್ಗೆ ಅವನು ಯಾರ ಹತ್ತಿರವೂ ಹಾಗೆ ಕೇಳಲಿಲ್ಲ. ಇದನ್ನು ನಿನಗೆ ಹೇಳಲೇಬಾರದು ಅಂತಿದ್ದೆ.

ತಮ್ಮ


ಆಗಸ್ಟ್ 27

ತಮ್ಮಾ,

ನಿನ್ನ ಕಾಗದ ಬಂದ ದಿನ ಅಂಗಡಿಗೆ ಹೋಗಲಿಲ್ಲ. ನಿನ್ನ ಹಳೇ ಕಾಗದಗಳನ್ನೆಲ್ಲ ತೆಗೆದು ಓದಿದೆ. ಕಂಬ ಇತ್ತು, ಸೈಕಲ್ಲು ಇತ್ತು, ಕಂಡಕ್ಟರನ ನಮಸ್ಕಾರ ಇತ್ತು. ಎಡಗಡೆ ಇಟ್ಟ ಲೋಟ ಉರುಳುತ್ತದೆ ಅಂತ ನೀನೇ ಬರೆದಿದ್ದೆ. ಅಪ್ಪನ ಕೈ ತಾಗಿ ಲೋಟ ಉರುಳಿದಾಗಲೆಲ್ಲ ಅಮ್ಮ ಬೈಯುತ್ತಿದ್ದಳಲ್ಲ, ಯಾರಿಗೂ ಅವನ ಕಣ್ಣಿನ ವಿಷಯ ಗೊತ್ತಿಲ್ಲದಿದ್ದಾಗ. ಅದು ನನಗೆ ಚೆನ್ನಾಗಿ ನೆನಪಿದೆ. ಆದರೂ ಆ ಕಾಗದದಲ್ಲಿ ನಾನು ಓದಿದ್ದು ಹದಿನೈದು ಒಂದನ್ನೇ.

ಡಾಕ್ಟರಮ್ಮ ಹೇಳಿ ಕಳಿಸಿದ ಮಾತನ್ನು ನಿನ್ನ ಕಣ್ಣಿಗಾಗಿ ಬರೆಯಲಿಲ್ಲ ನಾನು, ಗೆದ್ದೆ ಅಂತ ಬರೆದೆ. ನಿನ್ನ ಅತ್ತಿಗೆ ಬೇರೆ ಬರೆಯಿರಿ ಅಂದಾಗ ಬರೆಯಬೇಕಿತ್ತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿಲ್ಲ.

ನಾನು ಶನಿವಾರ ಹೊರಟು ಬರುತ್ತೇನೆ. ನಿನ್ನನ್ನು ಕರೆದುಕೊಂಡು ಬಂದು ನಮ್ಮ ಡಾಕ್ಟರಮ್ಮನ ಮುಂದೆ ಕೂರಿಸುತ್ತೇನೆ. ಕಣ್ಣು ಕೆಂಪಗಾಗದ ಬೇರೆ ಡ್ರಾಪ್ಸ್ ಇವೆಯಂತೆ, ಕೇಳಿದ್ದೇನೆ. ಆದರೆ ಇನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ಸೊಪ್ಪು ತಿನ್ನುವುದನ್ನೂ ಬಿಡಬೇಡ, ನಿನ್ನವಳು ಕೈಯಾರೆ ಮಾಡಿ ಹಾಕುತ್ತಾಳಲ್ಲ, ಅದಕ್ಕಾದರೂ ತಿನ್ನು.

ಅಪ್ಪ ಮೈದಾನದ ಹತ್ತಿರ ನಿಲ್ಲುತ್ತಿದ್ದ ಅಂತ ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಈಗಲೂ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ. ಅವನು ಕೇಳಿದ್ದನ್ನು ನೀನು ಕಿವಿಯಾರೆ ಕೇಳಿದ್ದೀಯ, ನನಗೆ ನಿನ್ನ ಕಾಗದದಲ್ಲಿ ಸಿಕ್ಕಿತು.

ಮೂರು ದಿನದಿಂದ ನಿಧಾನವಾಗಿ ನಡೆಯುವುದನ್ನು ಕಲಿಯುತ್ತಿದ್ದೇನೆ. ನಿನ್ನ ಅತ್ತಿಗೆ ನನ್ನ ಹೆಗಲ ಮೇಲೆ ಕೈಯಿಟ್ಟು ಬೀದಿಯ ತುದಿಯವರೆಗೂ ಬರುತ್ತಾಳೆ. "ಇನ್ನೂ ಮೆಲ್ಲಗೆ, ನಾನೇನು ಗಾಳಿಪಟನಾ?" ಅನ್ನುತ್ತಾಳೆ. ನಿನಗೆ ಎಡಗಡೆ ಕಾಣದು, ಆದ್ದರಿಂದ ನಿನ್ನ ಎಡಕ್ಕೆ ನಾನಿರುತ್ತೇನೆ. ನಿನ್ನ ಕೈ ನನ್ನ ಬಲ ಹೆಗಲಿಗೆ ಬರುತ್ತದೆ.

ನನ್ನ ಕೋಟಿನ ಬಲಗಡೆಯ ಪ್ಯಾಡ್ ಬಿಚ್ಚಿ ತೆಗೆದಿದ್ದೇನೆ. ಪ್ಯಾಡ್ ಇದ್ದರೆ ಕೈ ಜಾರುತ್ತದೆ. ಕಟಿಂಗ್ ಮಾಸ್ಟರ ಕೋಟೇ ಒಂದು ಕಡೆ ಇಳಿದಿದೆಯಲ್ಲ ಅಂತ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಇಳಿಯಲಿ.

ನಿನ್ನ ಕೋಲು